ಎರಡನೇ ಅಕ್ಷರ ‘ತ್ತ’: ಚೆನ್ನೈ ಮನೆಯೊಂದರ ಪದದಾಟ

ನಾನು ಮಂಡ್ಯದ ಕಡೆಯವನು. ಹನ್ನೊಂದು ವರ್ಷದಿಂದ ಚೆನ್ನೈನಲ್ಲಿದ್ದೀನಿ. ಓಎಂಆರ್‌ನಲ್ಲಿ ಕೆಲಸ, ಶೋಳಿಂಗನಲ್ಲೂರಲ್ಲಿ ಮನೆ. ಟಾಕ್ ಕೊಡಿ ಅಂತ ಕೇಳಿದಾಗ ಕ್ಲೌಡ್ ಬಗ್ಗೆ ಮಾತಾಡೋಣ ಅಂದ್ಕೊಂಡೆ. ಅದನ್ನ ನೀವು ದಿನಾ ಆಫೀಸಲ್ಲಿ ಕೇಳ್ತೀರಿ. ಹಾಗಾಗಿ ಇವತ್ತು ಒಂದು ಆಟದ ಬಗ್ಗೆ ಹೇಳ್ತೀನಿ.

ನಮ್ಮ ಟೀಮ್‌ನಲ್ಲಿ ಶುಕ್ರವಾರ ಸಂಜೆ ಇಂಗ್ಲಿಷ್ ಪದದಾಟ ಇರುತ್ತೆ. ಕೆಲವು ಅಕ್ಷರ ಕೊಡ್ತಾರೆ, ಅವೆಲ್ಲ ಇರುವ ಉದ್ದನೆಯ ಪದ ಹುಡುಕಬೇಕು. ಎ, ಇ, ಐ, ಓ, ಯು ಐದೂ ಅದೇ ಕ್ರಮದಲ್ಲಿ ಬರಬೇಕು ಅಂದ್ರೆ ‘ಫೆಸೀಷಸ್’. ಒಂದಕ್ಷರವೂ ಎರಡು ಸಲ ಬರಬಾರದು ಅಂದ್ರೆ ‘ಅನ್‌ಕಾಪಿರೈಟಬಲ್’, ಹದಿನೈದು ಅಕ್ಷರ, ಹದಿನೈದೂ ಬೇರೆ ಬೇರೆ. ಪದದ ಬದಲು ವಾಕ್ಯ ಬೇಕಾದ್ರೆ ನಾವೆಲ್ಲ ಟೈಪಿಂಗ್ ಕ್ಲಾಸಲ್ಲಿ ಹೊಡೆದ ಕಂದು ನರಿ, ಸೋಮಾರಿ ನಾಯಿಯ ವಾಕ್ಯ ಇದೆಯಲ್ಲ, 35 ಅಕ್ಷರದಲ್ಲಿ 26ನ್ನೂ ಮುಗಿಸುತ್ತೆ.

ತಮಾಷೆ ನೋಡಿ, ಈ ಪದಗಳನ್ನ ಕನ್ನಡದಲ್ಲಿ ಬರೆದ ತಕ್ಷಣ ಆಟ ಮಾಯ. ಯಾಕಂದ್ರೆ ಅದು ಸ್ಪೆಲಿಂಗಿನ ಆಟ, ಕಿವಿಯ ಆಟ ಅಲ್ಲ.

ನಾನು ಸೋಲ್ತಾ ಇದ್ದೆ, ಅದಕ್ಕೆ ಪ್ರೋಗ್ರಾಂ ಬರೆದೆ. ಲಿನಕ್ಸ್‌ನಲ್ಲಿ ಸಾಲಿಗೊಂದು ಪದ ಇರುವ ಫೈಲ್ ಸಿಗುತ್ತೆ. 26 ಅಕ್ಷರಕ್ಕೆ 26 ಸ್ವಿಚ್ ಅಂದ್ಕೊಳ್ಳಿ. ಪದದಲ್ಲಿ ಯಾವ ಅಕ್ಷರ ಇದೆಯೋ ಆ ಸ್ವಿಚ್ ಆನ್. ಆಗ ಪ್ರತಿ ಪದವೂ ಒಂದು ಸಂಖ್ಯೆ ಆಗುತ್ತೆ. ಬೇಕಾದ ಸ್ವಿಚ್ಚೆಲ್ಲ ಆನ್ ಇದೆಯಾ ಅಂತ ನೋಡೋದು ಒಂದೇ ಲೆಕ್ಕ. ಕಣ್ಣು ಮಿಟುಕಿಸೋದರಲ್ಲಿ ಉತ್ತರ.

ಮನೆಗೂ ಈ ಆಟ ಬಂತು. ಮಗಳು ನಾಲ್ಕನೇ ಕ್ಲಾಸು. ರಾತ್ರಿ ಊಟ ಆದಮೇಲೆ ಅವಳು, ನಾನು, ನನ್ನ ಹೆಂಡತಿ ಆಡ್ತಿದ್ವಿ. ಅಮ್ಮ ಸೋಫಾದ ತುದಿಯಲ್ಲಿ ಸುಮ್ಮನೆ ಕೂತಿರೋರು. ಅಪ್ಪ ತೀರಿಕೊಂಡ ಮೇಲೆ ಅವರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆ. ಹಗಲೆಲ್ಲ ನಾವು ಆಫೀಸು, ಮಗು ಸ್ಕೂಲು, ಹೊರಗೆ ತಮಿಳು. ರಾತ್ರಿ ನಾವು ಸಿಕ್ಕಾಗ ಈ ಇಂಗ್ಲಿಷ್ ಆಟ. ಒಂದಿನ ಅಂದ್ರು, “ಮುಂದಿನ ತಿಂಗಳು ಊರಿಗೆ ಬಿಟ್ಟುಬಿಡು ಕಣಪ್ಪ. ಅಲ್ಲಿ ಖಾಲಿ ಮನೆಯಾದ್ರೂ ಮಾತಾಡೋಕೆ ಜನ ಅವ್ರೆ.”

ಆ ಮಾತು ನಾಟಿತು. ಆಟವನ್ನ ಕನ್ನಡಕ್ಕೆ ತರೋಣ ಅಂದ್ಕೊಂಡೆ. ನನ್ನ ಪ್ರೋಗ್ರಾಂ ಅಲ್ಲೇ ಮುಗ್ಗರಿಸಿತು. ‘ಲಕ್ಷ್ಮಿ’ ಅನ್ನೋ ಪದ ಎಷ್ಟು ಉದ್ದ ಅಂತ ಪೈಥಾನ್ ಕೇಳಿದ್ರೆ ಏಳು ಅನ್ನುತ್ತೆ. ಅಮ್ಮನ್ನ ಕೇಳಿ, ಎರಡು ಅಂತಾರೆ. ಯೂನಿಕೋಡ್ ಲ, ಕ, ಹಲಂತ, ಷ, ಹಲಂತ, ಮ, ಗುಡಿಸು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತೆ. ಹಲಂತ ಬಂದ್ರೆ ಮುಂದಿನ ವ್ಯಂಜನವನ್ನ ಹಿಂದಿನದಕ್ಕೆ ಅಂಟಿಸು, ಗುಣಿತದ ಗುರುತು ಬಂದ್ರೆ ಅದನ್ನೂ ಅಂಟಿಸು ಅಂತ ಹೇಳಿಕೊಟ್ಟಮೇಲೆ ಸರಿಹೋಯ್ತು.

ಆಟಕ್ಕೆ ನಿಯಮ ಯಾವುದು? ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ನಮ್ಮ ಹಳಗನ್ನಡ ಕವಿಗಳು ನೂರಾರು ವರ್ಷ ಆಡಿದ್ದು ಇದೇ ಆಟ. ದ್ವಿತೀಯಾಕ್ಷರ ಪ್ರಾಸ ಅಂತ ಹೈಸ್ಕೂಲಲ್ಲಿ ಓದಿದ್ದು ನೆನಪಿದೆಯಾ? ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಪಂಪನಿಗೆ ಸರ್ಚ್ ಇರಲಿಲ್ಲ, ಎಲ್ಲ ನಾಲಿಗೆ ತುದಿಯಲ್ಲೇ ಇರಬೇಕಿತ್ತು. ಆಮೇಲೆ ಈ ನಿಯಮವೇ ಭಾರ ಆಯ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಧೈರ್ಯ ಮಾಡಿ ಆ ಪ್ರಾಸ ಬಿಟ್ಟರು. ಅದೇ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಅಂತ ಗೌರವ ಕೊಟ್ಟಿದ್ದು ಮದ್ರಾಸ್ ಸರ್ಕಾರ. ಆಗ ಮಂಜೇಶ್ವರ ಈ ಊರಿನ ಆಡಳಿತಕ್ಕೇ ಸೇರಿತ್ತು.

ಸರಿ, ಎರಡನೇ ಅಕ್ಷರ ‘ತ್ತ’, ಯಾವ ಗುಣಿತ ಆದ್ರೂ ನಡೆಯುತ್ತೆ ಅಂತ ಶುರು ಮಾಡಿದ್ವಿ. ನಾನು ಕತ್ತೆ, ಹತ್ತಿ, ಮುತ್ತು, ಸುತ್ತಿಗೆ ಅಂತ ಹನ್ನೊಂದಕ್ಕೆ ನಿಂತೆ. ಮಗಳು ನಾಲ್ಕಕ್ಕೆ. ಅಮ್ಮ ಶುರು ಮಾಡಿದ್ರು ನೋಡಿ. ಎತ್ತು, ಭತ್ತ, ಬಿತ್ತನೆ, ಗುತ್ತಿಗೆ, ಹುತ್ತ, ನೆತ್ತಿ, ಬತ್ತಿ, ತುತ್ತು, ಕೊತ್ತಂಬರಿ, ಕಿತ್ತಳೆ, ಅತ್ತಿಮರ, ಮುತ್ತುಗದೆಲೆ... ಹೊಲದಿಂದ ಅಡುಗೆಮನೆವರೆಗೆ ಒಂದು ಸುತ್ತು ಹೊಡೆದು ಬಂದ್ರು. ಮುತ್ತುಗ ಅಂದ್ರೇನು ಅಂತ ಮಗಳು ಕೇಳಿದ್ಲು. ಊಟದೆಲೆ ಹಚ್ಚೋದು ಹೇಗೆ ಅಂತ ಅಮ್ಮ ಕೈಯಲ್ಲೇ ಮಾಡಿ ತೋರಿಸಿದ್ರು. ಆ ಮನೇಲಿ ಅವರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಪಕ್ಕದ ಮನೆಯ ಅಕ್ಕ ನಿವೃತ್ತ ತಮಿಳು ಟೀಚರ್. ಸದ್ದು ಕೇಳಿ ಬಂದವರು, “ಇದು ನಮ್ಮ ಎದುಗೈ ಅಲ್ಲವಾ” ಅಂದ್ರು. ನಿಜ, ತಮಿಳು ಪದ್ಯದಲ್ಲೂ ಎರಡನೇ ಅಕ್ಷರದ ಪ್ರಾಸವೇ, ಅದಕ್ಕೆ ಎದುಗೈ ಅಂತ ಹೆಸರು. ಅವರೂ ಕೂತ್ರು. ಅಮ್ಮ ಮುತ್ತು ಅಂದ್ರೆ ಅವರಿಗೂ ಮುತ್ತು. ಅಮ್ಮ ಹತ್ತು ಅಂದ್ರೆ ಅವರು ಪತ್ತು.

ಇನ್ನೊಂದು ಗುಟ್ಟು ಸಿಕ್ಕಿದ್ದು ಆಗಲೇ. ಹಳಗನ್ನಡದಲ್ಲಿ ಪದದ ಮೊದಲಿಗೆ ‘ಪ’ ಇದ್ದ ಎಷ್ಟೋ ಕಡೆ ನಮಗೆ ಈಗ ‘ಹ’ ಇದೆ, ತಮಿಳಿನಲ್ಲಿ ‘ಪ’ ಹಾಗೇ ಉಳಿದಿದೆ. ಹಾಲು ಅಂದ್ರೆ ಪಾಲ್, ಹೂವು ಪೂ, ಹುಲಿ ಪುಲಿ, ಹಣ ಪಣಂ, ಹಳ್ಳ ಪಳ್ಳಂ. ಇದನ್ನ ಹೇಳಿದ ಮಾರನೇ ದಿನ ಅಮ್ಮ ಒಬ್ಬರೇ ಕೆಳಗೆ ಹೋಗಿ ಹೂ ಮಾರೋಳ ಹತ್ರ “ಪೂ” ಅಂತ ಕೇಳಿ ಎರಡು ಮೊಳ ತಂದ್ರು. ನಿಯಮ ಎಲ್ಲ ಕಡೆ ನಡೆಯಲ್ಲ. ಅಂಗಡೀಲಿ ಹಿಟ್ಟಿಗೆ “ಪಿಟ್ಟು” ಅಂತ ಕೇಳಿದ್ರಂತೆ, ಅಂಗಡಿಯವನಿಗೆ ಅರ್ಥ ಆಗಲಿಲ್ಲ. ಅದಕ್ಕೆ ಇಲ್ಲಿ ಮಾವು ಅಂತಾರೆ. “ಮಾವು ಅಂದ್ರೆ ಹಣ್ಣಲ್ವೇನೋ?” ಅಂತ ಇವತ್ತಿಗೂ ನನ್ನ ಹತ್ರ ಜಗಳ.

ಈಗ ನನ್ನ ಪ್ರೋಗ್ರಾಂ ತೀರ್ಪುಗಾರ ಅಷ್ಟೇ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಅದನ್ನೇ ಬಳಸ್ತೀನಿ. ಆದ್ರೆ ನಮ್ಮನೇಲಿ ಒಂದು ರೂಲ್ ಇದೆ: ನಿಘಂಟಿನಲ್ಲಿ ಇಲ್ಲದ ಪದ ಅಜ್ಜಿ ಹೇಳಿದ್ರೆ, ಅದರ ಅರ್ಥ ಹೇಳಿದ್ರೆ ಸಾಕು, ಪಾಯಿಂಟ್ ಕೊಡಬೇಕು. ಮಗಳು ಆ ಪದವನ್ನ ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರೀಬೇಕು. ಒತ್ತಕ್ಷರ ತಪ್ಪುತ್ತೆ, ಅಜ್ಜಿ ತಿದ್ದುತ್ತಾರೆ.

ಆಟದಿಂದ ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಅಮ್ಮನಿಗೆ ಊರಿನ ನೆನಪು ಹೋಗಿಲ್ಲ, ಹೋಗಬೇಕಾಗೂ ಇಲ್ಲ. ಆದ್ರೆ ಆ ‘ಮುಂದಿನ ತಿಂಗಳು’ ಕಳೆದು ಏಳು ತಿಂಗಳಾಯ್ತು.

ನಿಮ್ಮನೇಲೂ ಹೀಗೆ ಸುಮ್ಮನೆ ಕೂತಿರೋ ಹಿರಿಯರು ಇದ್ರೆ ಇವತ್ತು ರಾತ್ರಿ ಆಡಿ ನೋಡಿ. ಎರಡನೇ ಅಕ್ಷರ ‘ಳ್ಳ’. ಕಳ್ಳ, ಹಳ್ಳ, ಬೆಳ್ಳಿ, ಮೂರು ನಾನೇ ಕೊಟ್ಟಿದ್ದೀನಿ. ಮಿಕ್ಕಿದ್ದನ್ನ ಅವರನ್ನೇ ಕೇಳಿ.