ತಂಬುಳಿಯ ಊಟ

ದಿನವಿಡೀ ದುಡಿದು ಸಂಜೆ ಏಳಕ್ಕೆ ಮನೆಗೆ ಮರಳಿದವರಿಗೆ ಬೇಳೆ ಬೇಯಿಸಿ, ತರಕಾರಿ ಹೆಚ್ಚಿ ಹುಳಿ ಮಾಡುವ ವ್ಯವಧಾನ ಎಲ್ಲಿಯದು? ತಿಂಗಳ ಕೊನೆಯಾದರಂತೂ ಕೇಳುವುದೇ ಬೇಡ. ಅಂಥ ಹೊತ್ತಿಗೆ ಒದಗುವುದು ನಮ್ಮ ಮಲೆನಾಡಿನ, ಕರಾವಳಿಯ ತಂಬುಳಿ. ಶ್ರೋತೃಗಳೇ, 'ಕಣ್', 'ಪನಿ' ಕೂಡಿ 'ಕಂಬನಿ'ಯಾಗುವಂತೆ 'ತಣ್', 'ಪುಳಿ' ಕೂಡಿ 'ತಂಬುಳಿ'. ಇದನ್ನು ಕುದಿಸಬಾರದೆಂಬ ಕಟ್ಟಳೆ ಹೆಸರಿನಲ್ಲಿಯೇ ಇದೆ. ವ್ಯಾಕರಣವು ಅಡಿಗೆಗೆ ಉಪಕರಿಸುವ ಸಂದರ್ಭಗಳು ಅಪರೂಪ!

ನಾಲ್ವರಿಗೆ ಹತ್ತು ಹನ್ನೆರಡು ದೊಡ್ಡಪತ್ರೆ ಎಲೆ ಸಾಕು. ಒಂದು ಕಡ್ಡಿ ನೆಟ್ಟರೆ ಕುಂಡದಲ್ಲಿಯೂ ಚಿಗುರುವ ಗಿಡವದು. ಅರ್ಧ ಚಮಚ ಜೀರಿಗೆಯನ್ನೂ ಐದಾರು ಮೆಣಸಿನಕಾಳನ್ನೂ ತುಪ್ಪದಲ್ಲಿ ಹುರಿದು, ಅದರಲ್ಲಿಯೇ ಎಲೆಯನ್ನು ಬಾಡಿಸಬೇಕು. ಬಾಡದಿದ್ದರೆ ಹಸಿ ಘಾಟು ಉಳಿಯುತ್ತದೆ. ಎರಡು ಚಮಚ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ಕದಡಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರಾಯಿತು. ಅನ್ನ ಮಾತ್ರ ಹಬೆಯಾಡುತ್ತಿರಬೇಕು. ಆ ಬಿಸಿಗೆ ಈ ತಂಪು ಬೆರೆತಾಗಲೇ ಪರಿಮಳ ಏಳುವುದು.

ಇದನ್ನು ಬಡವರ ಪದಾರ್ಥವೆಂದು ನೆಂಟರಿಂದ ಮರೆಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಒಂದೆಲಗ ಯಾವುದು, ಅದರ ಮಗ್ಗುಲಿಗೇ ಬೆಳೆದ ಕಳೆ ಯಾವುದು ಎಂದು ಮುಸ್ಸಂಜೆಯ ಮಬ್ಬಿನಲ್ಲಿಯೂ ಬೇರ್ಪಡಿಸಬಲ್ಲ ಅಜ್ಜಿಯರ ತಿಳಿವು ಯಾವ ಪಾಂಡಿತ್ಯಕ್ಕೂ ಕಡಿಮೆಯದಲ್ಲ. ಅದರಲ್ಲಿ ಪುಸ್ತಕಕ್ಕೆ ಇಳಿದದ್ದು ಸ್ವಲ್ಪ; ಅವರೊಡನೆಯೇ ಹೋದದ್ದು ಬಹಳ.

ಅಂಥ ಅಜ್ಜಿಯೂ ಹಿತ್ತಿಲೂ ಇಲ್ಲದ ಮನೆಯವರು ಎಲೆಗೆ ಬದಲಾಗಿ ಅರ್ಧ ಚಮಚ ಮೆಂತ್ಯವನ್ನು ಹುರಿದುಕೊಳ್ಳಬಹುದು. ಬಣ್ಣ ಕೆಂಪಾದೊಡನೆ ಇಳಿಸಿಬಿಡಿ. ಕಪ್ಪಾದರೆ ಬರಿಯ ಕಹಿ.