ತಡವಾಗಿ ತರಗತಿಗೆ ಬಂದವರ ಹೊಣೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ. ಡೊಂಬಿವಲಿಯಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಇಳಿದು, ಕಲೀನಾದ ವಿದ್ಯಾನಗರಿಗೆ ಹೋಗುತ್ತಿದ್ದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1970ರ ದಶಕದ ಕೊನೆಯಲ್ಲಿ ಆರಂಭವಾದದ್ದು. ನೌಕರಿ, ಸಂಸಾರಗಳ ನಡುವೆ ಓದಲು ಬಂದ ನನ್ನಂಥವರು ಅಲ್ಲಿ ಹಲವರಿದ್ದರು.

ಮೊದಲ ವರ್ಷ ಪಾಠ ಮುಗಿದೊಡನೆ ಹೊರಟುಬಿಡುತ್ತಿದ್ದೆ. ರೈಲಿನ ಗದ್ದಲ ನನ್ನ ನೆಪ. ನಿಜವಾದ ಕಾರಣ ಸಂಕೋಚ. ಒಮ್ಮೆ ವಿಚಾರಸಂಕಿರಣದ ಕೆಲಸಗಳನ್ನು ಹಂಚುತ್ತಿದ್ದ ಸಹಪಾಠಿ, ನನ್ನ ಮಗಳ ವಯಸ್ಸಿನವಳು, ಹೇಳಿದಳು: "ಸರ್, ನೀವು ಹೇಗೂ ನಿಲ್ಲುವುದಿಲ್ಲವಲ್ಲ, ಅದಕ್ಕೇ ನಿಮ್ಮ ಹೆಸರು ಬರೆಯಲಿಲ್ಲ." ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದ್ದರಿಂದಲೇ ಅದು ನಾಟಿತು.

ಮುಂದಿನ ಸಲ ನಿಂತೆ. ಆಮಂತ್ರಣ ಬರೆಯುವುದು, ಜಮಾಖರ್ಚು ಇಡುವುದು ಸಂಘದಲ್ಲಿ ಕಲಿತ ವಿದ್ಯೆ. ಅದನ್ನು ಅವರಿಗೆ ಕೊಟ್ಟೆ. ಹಿರಿಯರ ಪ್ರಬಂಧವನ್ನೂ ಎದ್ದುನಿಂತು ಪ್ರಶ್ನಿಸುವುದನ್ನು ಅವರಿಂದ ಕಲಿತೆ. ನಮ್ಮ ಸಂಘಗಳಲ್ಲಿ ಪ್ರಶ್ನೆ ಕೇಳಿದರೆ ವಿರೋಧವೆನ್ನುತ್ತೇವೆ. ಅಲ್ಲಿ ಅದನ್ನೇ ಓದು ಎನ್ನುತ್ತಾರೆ.

ಇದು ನಮಗೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ಪುಸ್ತಕ ಮುಚ್ಚಿ ಮನೆಗೆ ಹೋಗಲಿಲ್ಲ. ನಾಟಕವಾಡಿದರು, ಸಂಘ ಕಟ್ಟಿದರು.

ಈಗ ಹಕ್ಕಿನ ಮಾತು. ಮಹಾರಾಷ್ಟ್ರದ 1994ರ ವಿಶ್ವವಿದ್ಯಾಲಯ ಕಾಯ್ದೆಯೊಂದಿಗೆ ವಿದ್ಯಾರ್ಥಿ ಮಂಡಳಗಳ ನೇರ ಚುನಾವಣೆ ನಿಂತಿತು. 2016ರ ಕಾಯ್ದೆ ಅದಕ್ಕೆ ಮತ್ತೆ ಅವಕಾಶ ಕೊಟ್ಟಿತಾದರೂ 25 ದಾಟಿದವರಿಗೆ ಸ್ಪರ್ಧೆಯಿಲ್ಲ. ನಮಗೆ ಆ ಬಾಗಿಲು ಮುಚ್ಚಿದೆ. ಆದರೆ ಇನ್ನೊಂದು ತೆರೆದಿದೆ: ವಿಶ್ವವಿದ್ಯಾಲಯದ ಸೆನೆಟ್‌ನಲ್ಲಿ ನೋಂದಾಯಿತ ಪದವೀಧರರಿಗೆ 10 ಸ್ಥಾನಗಳಿವೆ. ಇಲ್ಲಿಯ ಪದವಿ ಪಡೆದು ಈ ವ್ಯಾಪ್ತಿಯಲ್ಲೇ ವಾಸಿಸುವವರು ಮತದಾರರಾಗಿ ಹೆಸರು ನೋಂದಾಯಿಸಿಕೊಳ್ಳಬಹುದು. 2024ರ ಸೆಪ್ಟೆಂಬರ್ ಚುನಾವಣೆಯಲ್ಲಿ ಮತದಾರರ ಪಟ್ಟಿಯಲ್ಲಿದ್ದವರು 13 ಸಾವಿರದಷ್ಟು ಮಾತ್ರ. ಠಾಣೆ, ರಾಯಗಡ ಜಿಲ್ಲೆಗಳೂ ಈ ವ್ಯಾಪ್ತಿಯೊಳಗೇ ಇವೆ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಒಂದೊಂದು ಮತಕ್ಕೂ ತೂಕವಿದೆ.

ಆ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ಅರ್ಜಿ ತುಂಬುವ ಅವಧಿ ಮುಗಿದ ಮೇಲೆ ನನಗೆ ಸುದ್ದಿ ತಿಳಿಯಿತು. ಕನ್ನಡ ಪೀಠಗಳ ಬಗ್ಗೆ ವೇದಿಕೆಯಲ್ಲಿ ನಿಂತು ಕಳವಳಪಡುವ ನಾನು, ಮತ ಕೊಡಬೇಕಾದಲ್ಲಿ ಗೈರುಹಾಜರಾಗಿದ್ದೆ.

ಆದುದರಿಂದ ಬಂಧುಗಳೇ, ನಿಮ್ಮಲ್ಲಿ ಓದಲು ಹೋಗುವವರು ಪದವಿಗಾಗಿ ಮಾತ್ರ ಹೋಗಬೇಡಿ. ಪಾಠ ಮುಗಿದ ಮೇಲೆ ಒಂದು ಗಂಟೆ ನಿಲ್ಲಿ. ಓದು ಮುಗಿಸಿದವರು ಮುಂದಿನ ಚುನಾವಣೆಗೆ ಮೊದಲೇ ಹೆಸರು ಬರೆಸಿ. ನಾವು ನಿಲ್ಲದಿದ್ದರೆ, ನಮ್ಮನ್ನು ಬಿಟ್ಟು ಪಟ್ಟಿ ಬರೆಯುವವರ ಮೇಲೆ ತಪ್ಪು ಹೊರಿಸಲಾಗದು.