ಸಿಳ್ಳು ಹಾಕುವ ಹಕ್ಕಿ

ಬಾನುಲಿಯಲ್ಲಿ ಹಕ್ಕಿಯ ಕುರಿತು ಮಾತನಾಡುವವನಿಗೆ ಒಂದು ತೊಡಕುಂಟು. ಅವನು ಅದರ ರೂಪವನ್ನು ತೋರಿಸಲಾರ. ನಾನು ಆರಿಸಿಕೊಂಡಿರುವ ಹಕ್ಕಿಯ ಮಟ್ಟಿಗೆ ಇದು ದೊಡ್ಡ ಕೊರತೆಯಲ್ಲ. ಅದನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು.

ಹುಡುಗನಾಗಿದ್ದಾಗ ಗುರುವಾಯನಕೆರೆಯಿಂದ ಸೋದರಮಾವನೊಡನೆ ಚಾರ್ಮಾಡಿಯ ಬುಡದಲ್ಲಿದ್ದ ಅವರ ಮನೆಗೆ ಹೋಗಿದ್ದೆ. ಆಟಿಯ ಮಳೆ. ಬೆಳಕು ಹರಿಯುವ ಮುನ್ನ ತೋಡಿನ ಆಚೆಯಿಂದ ಯಾರೋ ಸಿಳ್ಳು ಹಾಕಿದರು. ರಾಗವೊಂದನ್ನು ಹಿಡಿದಂತೆ ತೊಡಗಿ, ಏರಿ, ನಡುವೆ ಮರೆತವರಂತೆ ಎತ್ತಲೋ ತಿರುಗಿ, ಮತ್ತೆ ಮೊದಲಿಂದ.

“ಈ ಮಳೆಗೆ ಯಾರು ಮಾವ ಅದು?”

“ಮನುಷ್ಯ ಅಲ್ಲ ಮಾರಾಯ, ಹಕ್ಕಿ. ನೋಡ್ಲಿಕ್ಕೆ ಅಂತ ಹೋಗ್ಬೇಡ, ತೋಡಿನಲ್ಲಿ ನೀರು ಬಂದಿದೆ.”

ಅದನ್ನು ಕಣ್ಣಾರೆ ಕಾಣಲು ನನಗೆ ಮತ್ತೆ ಹನ್ನೊಂದು ವರ್ಷ ಬೇಕಾಯಿತು. ಗಾತ್ರದಲ್ಲಿ ಮೈನಾದಷ್ಟು; ದೂರಕ್ಕೆ ಬರಿಯ ಕರಿಹಕ್ಕಿ. ಬಂಡೆಯ ಮೇಲೆ ಬೆಳಕು ಬಿದ್ದ ಗಳಿಗೆಯಲ್ಲಿ ಮಾತ್ರ ಹಣೆ, ಹೆಗಲು ನೀಲಿಯಾಗಿ ಹೊಳೆದವು. ಆಂಗ್ಲರು ಇದನ್ನು ‘ಸಿಳ್ಳು ಹಾಕುವ ಶಾಲಾ ಬಾಲಕ’ನೆಂದು ಕರೆದರು. 1831ರಲ್ಲಿ ವಿಗರ್ಸ್ ಎಂಬ ವಿದ್ವಾಂಸ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಪ್ರಕೃತಿ ವಿಜ್ಞಾನಿ ಹಾರ್ಸ್‌ಫೀಲ್ಡನ ಹೆಸರನ್ನು ಇಟ್ಟ. ಇದರ ಕುಲನಾಮ ಮಯೋಫೋನಸ್. ಗ್ರೀಕಿನಲ್ಲಿ ನೊಣಗಳ ಕೊಲೆಗಾರನೆಂದು ಅರ್ಥ. ಇಂಥ ಗಾಯಕನಿಗೆ ಇಂಥ ಹೆಸರು! ಆದರೆ ಹೊಟ್ಟೆಪಾಡಿನ ಸಂಗತಿಯಲ್ಲಿ ಅದು ಅಪವಾದವೇನಲ್ಲ. ಏಡಿಯನ್ನು ಕಲ್ಲಿಗೆ ಬಡಿಬಡಿದು ತಿನ್ನುವುದನ್ನು ನಾನೇ ನೋಡಿದ್ದೇನೆ. ಕಪ್ಪೆ, ಬಸವನಹುಳು, ಕಾಡುಹಣ್ಣು ಯಾವುದೂ ವರ್ಜ್ಯವಲ್ಲ. ಹಿಂದೆ ಸಿಳ್ಳಾರಗಳ ಸಾಲಿನಲ್ಲಿ ಕೂತಿದ್ದ ಈ ಹಕ್ಕಿಯನ್ನು ಈಗಿನ ಪಂಡಿತರು ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ.

ನನಗೆ ಬೆರಗೆನಿಸುವುದು ಇದರ ಕಾಲಜ್ಞಾನ. ಎಷ್ಟೋ ಹಕ್ಕಿಗಳು ಮಳೆಗೆ ಮುಂಚೆಯೇ ಮರಿ ಮಾಡಿ ಮುಗಿಸುತ್ತವೆ. ಇದಕ್ಕೋ ಜಲಪಾತ ಧುಮುಕುವಾಗಲೇ ಸಂಸಾರ. ನೀರು ಸಿಡಿಯುವ ಬಂಡೆಯ ಸೆರೆಯಲ್ಲಿ ಪಾಚಿ, ಬೇರು, ಹುಲ್ಲುಗಳ ಬಟ್ಟಲು. ಒಳಗೆ ಎರಡೋ ಮೂರೋ ಮೊಟ್ಟೆ. ಅಲ್ಲಿಗೆ ಬೆಕ್ಕೂ ಬರದು, ಹಾವೂ ಸುಲಭದಲ್ಲಿ ಬರದು. ನೀರಿನದು ತಗ್ಗಿದ, ದಪ್ಪನೆಯ ಮೊರೆತ. ಹಕ್ಕಿಯ ಸಿಳ್ಳು ಶುದ್ಧವಾದ ಒಂದೆಳೆಯ ಸ್ವರ. ಮೊರೆತವನ್ನು ಸೀಳಿಕೊಂಡು ಅದು ಹೊರಬರುತ್ತದೆ. ಮಳೆ ಹಿಂದೆಗೆದ ಮೇಲೆ ಹಾಡೂ ಅಡಗುತ್ತದೆ.

ಇದು ಅಳಿವಿನ ಅಂಚಿನ ಹಕ್ಕಿಯೆಂದು ಹೇಳಿ ನಿಮ್ಮನ್ನು ಗಾಬರಿಗೊಳಿಸಲಾರೆ. ಸೇತುವೆಯ ಅಡಿಯಲ್ಲೂ ಗೂಡು ಕಟ್ಟುವಷ್ಟು ಜಾಣತನ ಇದಕ್ಕಿದೆ. ಆದರೆ ಮಾವನ ಮನೆಯ ತೋಡು ಹಿಂದೆ ಯುಗಾದಿಯವರೆಗೆ ಹರಿಯುತ್ತಿತ್ತು. ಈಗ ಸಂಕ್ರಾಂತಿಗೇ ಕಲ್ಲು ಕಾಣುತ್ತದೆ. ಇಕ್ಕೆಲದ ಅಡಿಕೆ ತೋಟಗಳಿಗೆಲ್ಲ ಪಂಪುಗಳಿವೆ. ಅವುಗಳಲ್ಲಿ ಒಂದು ನನ್ನದೇ, ಅದನ್ನು ಮುಚ್ಚಿಡುವಂತಿಲ್ಲ. ಬೇಸಿಗೆಯಲ್ಲಿ ಏಡಿ ಉಳಿಯದ ತೋಡಿಗೆ ಆಟಿಯಲ್ಲಿ ಎಷ್ಟು ನೀರು ಬಂದರೂ ಹಕ್ಕಿ ಬರಲಿಲ್ಲ.

2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಘಾಟಿಯ ರಸ್ತೆ ಮುಚ್ಚಿತು. ವಾಹನಗಳ ಸದ್ದಿಲ್ಲದ ಒಂದು ಮುಂಜಾವ ಅಂಗಳಕ್ಕೆ ಇಳಿದೆ. ಮೇಲಿನ ಕಣಿವೆಯಲ್ಲಿ, ಬಹಳ ದೂರದಲ್ಲಿ, ಅದೇ ಸಿಳ್ಳು. ಏರಿ, ನಡುವೆ ಮರೆತು, ಮತ್ತೆ ಮೊದಲಿಂದ.